ಕಣಿವೆ ಎಲ್ಲಿದೆ? ಬೆಳಕು ಹಿಡಿಯುವ ಅರೆವಾಹಕಗಳ ಶಕ್ತಿಪಟ್ಟಿ

2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ ಚಂದ್ರನಿಂದ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಓದುವ ಮೂರು ಉಪಕರಣಗಳಿದ್ದವು. ಇಸ್ರೋದ ಹೈಸಿ 0.4ರಿಂದ 0.95 ಮೈಕ್ರಾನ್ ತರಂಗಾಂತರದವರೆಗೆ ನೋಡುತ್ತಿತ್ತು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ ಬಂದ ಎಸ್‌ಐಆರ್-2 ಸುಮಾರು 0.9ರಿಂದ 2.4ರವರೆಗೆ. ನಾಸಾದ ಮೂನ್ ಮಿನರಾಲಜಿ ಮ್ಯಾಪರ್, ಅಂದರೆ ಎಂ3, 3 ಮೈಕ್ರಾನ್‌ವರೆಗೆ. ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ಸಿಕ್ಕಿದ್ದು ಈ ಮೂರನೆಯದರಲ್ಲಿ, ಅದೂ ಅದರ ವ್ಯಾಪ್ತಿಯ ಕೊನೆಯ ಅಂಚಿನಲ್ಲಿ, 2.8ರಿಂದ 3 ಮೈಕ್ರಾನ್ ನಡುವೆ.

ಮೂರರ ಮಸೂರ, ಕನ್ನಡಿಗಳ ವಿಷಯ ಇವತ್ತು ಬೇಡ. ಒಳಗಿದ್ದ ಹರಳನ್ನಷ್ಟೇ ನೋಡೋಣ. ಮೊದಲನೆಯದರಲ್ಲಿ ಸಿಲಿಕಾನ್, ಎರಡನೆಯದರಲ್ಲಿ ಇಂಡಿಯಂ-ಗ್ಯಾಲಿಯಂ-ಆರ್ಸೆನೈಡ್, ಮೂರನೆಯದರಲ್ಲಿ ಪಾದರಸ-ಕ್ಯಾಡ್ಮಿಯಂ-ಟೆಲ್ಯೂರೈಡ್. ಈ ಮೂರನೆಯ ಉದ್ದ ಹೆಸರಿನದನ್ನು ಈ ಕಸುಬಿನವರು ಎಂಸಿಟಿ ಎಂದು ಮೊಟಕಾಗಿ ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ. ಒಂದೇ ನೌಕೆಗೆ ಮೂರು ಹರಳು ಯಾಕೆ ಬೇಕಾಯಿತು ಎಂದರೆ ಎಲ್ಲರೂ ಮೊದಲು ಕೊಡುವ ಉತ್ತರ ಬ್ಯಾಂಡ್ ಗ್ಯಾಪ್, ಅಂದರೆ ಹರಳಿನಲ್ಲಿ ಎಲೆಕ್ಟ್ರಾನ್ ಇರಬಹುದಾದ ಎರಡು ಶಕ್ತಿಪಟ್ಟಿಗಳ ನಡುವಿನ ಅಂತರ. ತಪ್ಪೇನಿಲ್ಲ, ಆದರೆ ಅರ್ಧ ಉತ್ತರ. ಉಳಿದರ್ಧ ಶಕ್ತಿಪಟ್ಟಿಯ ಆಕಾರದಲ್ಲಿದೆ. ಪಠ್ಯಪುಸ್ತಕದಲ್ಲಿ ಎರಡು ಅಡ್ಡಗೆರೆ ಎಳೆದು ಮುಗಿಸುವ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ.

ಅಂತರದ ಲೆಕ್ಕ

ಮೊದಲರ್ಧ ಬೇಗ ಮುಗಿಸೋಣ. ಹರಳಿನಲ್ಲಿ ಎಲೆಕ್ಟ್ರಾನ್‌ಗಳು ತುಂಬಿರುವ ವೇಲೆನ್ಸ್ ಪಟ್ಟಿ ಕೆಳಗೆ, ಬಹುಮಟ್ಟಿಗೆ ಖಾಲಿಯಿರುವ ವಹನ ಪಟ್ಟಿ ಮೇಲೆ, ನಡುವೆ ಯಾವ ಎಲೆಕ್ಟ್ರಾನೂ ನಿಲ್ಲಲಾಗದ ಅಂತರ. ಬಂದ ಫೋಟಾನಿನ, ಅಂದರೆ ಬೆಳಕಿನ ಕಣದ, ಶಕ್ತಿ ಈ ಅಂತರಕ್ಕಿಂತ ಹೆಚ್ಚಿದ್ದರೆ ಎಲೆಕ್ಟ್ರಾನ್ ಮೇಲೇರುತ್ತದೆ, ಕೆಳಗೆ ಅದು ಬಿಟ್ಟುಹೋದ ಖಾಲಿ ಜಾಗ, ಒಂದು ಹೋಲ್, ಉಳಿಯುತ್ತದೆ, ಎರಡನ್ನೂ ಎಳೆದುಕೊಂಡರೆ ಕರೆಂಟ್. ಕಡಿಮೆಯಿದ್ದರೆ ಆ ಬೆಳಕಿಗೆ ಹರಳು ಬರೀ ಗಾಜು.

1.24 ಅನ್ನು ಅಂತರದಿಂದ ಭಾಗಿಸಿದರೆ ತುದಿ ತರಂಗಾಂತರ, ಅಂದರೆ ಹರಳು ಹಿಡಿಯಬಲ್ಲ ಅತಿ ಉದ್ದದ ತರಂಗಾಂತರ, ಮೈಕ್ರಾನ್‌ನಲ್ಲಿ ಸಿಗುತ್ತದೆ. ಅಂತರ ಎಲೆಕ್ಟ್ರಾನ್ ವೋಲ್ಟ್‌ನಲ್ಲಿರಬೇಕು, ಮುಂದೆ ಬರೀ ಇವಿ ಎನ್ನುತ್ತೇನೆ. ಕೋಣೆಯ ತಾಪದಲ್ಲಿ ಸಿಲಿಕಾನ್ 1.12 ಇವಿ, ತುದಿ 1.1 ಮೈಕ್ರಾನ್. ಗ್ಯಾಲಿಯಂ ಆರ್ಸೆನೈಡ್ 1.42, ತುದಿ 0.87. ಜರ್ಮೇನಿಯಂ 0.66, ತುದಿ 1.88. ಇಂಡಿಯಂ ಆಂಟಿಮೊನೈಡ್ 0.17, ಅದನ್ನು ದ್ರವ ಸಾರಜನಕದ 77 ಕೆಲ್ವಿನ್‌ಗೆ ತಂದರೆ 0.23, ತುದಿ 5.4.

ಅದೇ 1.24 ಇನ್ನೊಂದು ಕೆಲಸಕ್ಕೂ ಬರುತ್ತದೆ. ಒಂದು ವ್ಯಾಟ್ ಬೆಳಕಿಗೆ ಗರಿಷ್ಠ ಎಷ್ಟು ಆಂಪಿಯರ್ ಎಂದರೆ ತರಂಗಾಂತರವನ್ನು 1.24ರಿಂದ ಭಾಗಿಸಿ. 1.55 ಮೈಕ್ರಾನ್‌ನಲ್ಲಿ 1.25 ಆಂಪಿಯರ್. ಡೇಟಾ ಶೀಟಿನಲ್ಲಿ 1.0 ಎಂದಿದ್ದರೆ ನೂರು ಫೋಟಾನಿನಲ್ಲಿ ಎಂಬತ್ತು ಕೆಲಸಕ್ಕೆ ಬಂದಿವೆ. ಒಂದು ಎಲೆಕ್ಟ್ರಾನನ್ನು ಹಲವಾಗಿಸುವ, ಗುಣಿಸುವ ಡಯೋಡ್ ಅಲ್ಲದೆಯೂ ಇದಕ್ಕಿಂತ ಹೆಚ್ಚಿನ ಅಂಕಿ ಕಂಡರೆ ಅಳತೆಯಲ್ಲಿ ಎಡವಟ್ಟಾಗಿದೆ ಎಂದೇ ಅರ್ಥ.

ಅಡ್ಡ ಅಕ್ಷ

ಈಗ ಆ ಎರಡು ಗೆರೆಗಳಿಗೆ ಅಡ್ಡ ಅಕ್ಷ ಕೊಡೋಣ. ಲಂಬಕ್ಕೆ ಶಕ್ತಿ, ಅಡ್ಡಕ್ಕೆ ಹರಳಿನೊಳಗೆ ಎಲೆಕ್ಟ್ರಾನಿನ ತರಂಗಸಂಖ್ಯೆ ಕೆ. ಸಂವೇಗದ ಹಾಗೆ ವರ್ತಿಸುವ ಸಂಖ್ಯೆ ಎಂದು ತಿಳಿದರೆ ಇವತ್ತಿಗೆ ಸಾಕು. 1928ರಲ್ಲಿ ಭೌತವಿಜ್ಞಾನಿ ಫೆಲಿಕ್ಸ್ ಬ್ಲಾಕ್, ಹರಳಿನಲ್ಲಿ ಎಲೆಕ್ಟ್ರಾನ್ ಅಲೆಯಾಗಿ ಹೇಗೆ ಸಾಗುತ್ತದೆಂದು ತೋರಿಸಿದ ಮೇಲೆ ಈ ಚಿತ್ರ ಬರೆಯುವುದು ಸಾಧ್ಯವಾಯಿತು. ಅಕ್ಷದ ನಡುವಿನ ಬಿಂದು ಗಾಮಾ, ಅಲ್ಲಿ ಕೆ ಸೊನ್ನೆ. ಹರಳಿನ ಒಂದು ದಿಕ್ಕಿನ ಅಂಚು ಎಕ್ಸ್, ಇನ್ನೊಂದು ದಿಕ್ಕಿನ ಅಂಚು ಎಲ್.

ಗೆರೆಗಳು ಈಗ ಬೆಟ್ಟ-ಕಣಿವೆಗಳಾಗುತ್ತವೆ. ವೇಲೆನ್ಸ್ ಪಟ್ಟಿಯ ಶಿಖರ ಈ ಎಲ್ಲ ವಸ್ತುಗಳಲ್ಲೂ ಗಾಮಾದಲ್ಲೇ ಇದೆ. ವಹನ ಪಟ್ಟಿಯ ಅತಿ ಆಳದ ಕಣಿವೆ ಎಲ್ಲಿದೆ ಎಂಬುದು ವಸ್ತುವಿನಿಂದ ವಸ್ತುವಿಗೆ ಬೇರೆ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಅದು ಶಿಖರದ ನೆತ್ತಿಯ ಮೇಲೇ, ಗಾಮಾದಲ್ಲೇ ಇದೆ. ಸಿಲಿಕಾನ್‌ನಲ್ಲಿ ಗಾಮಾದಿಂದ ಎಕ್ಸ್ ಕಡೆಗೆ ದಾರಿಯ ಶೇ. 85ರಷ್ಟು ದೂರ ಹೋದ ಮೇಲೆ ಇದೆ. ಗಾಮಾದಲ್ಲೇ ನೇರ ಏರಬೇಕೆಂದರೆ ಸಿಲಿಕಾನ್‌ನಲ್ಲಿ ಸುಮಾರು 3.4 ಇವಿ ಬೇಕು, ಅಂದರೆ ನೇರಳಾತೀತ ಬೆಳಕು.

ಇಷ್ಟಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು? ಫೋಟಾನಿಗೆ ಶಕ್ತಿ ಧಾರಾಳ, ಸಂವೇಗ ಅತ್ಯಲ್ಪ. ಲೆಕ್ಕ ಹಾಕಿ ನೋಡಿ: 1 ಮೈಕ್ರಾನ್ ಬೆಳಕಿನ ತರಂಗಸಂಖ್ಯೆಯನ್ನು ಗಾಮಾದಿಂದ ಎಕ್ಸ್‌ವರೆಗಿನ ದೂರಕ್ಕೆ ಹೋಲಿಸಿದರೆ ಅದು ಹರಳಿನ ಘಟಕದ ಅಳತೆ 0.543 ನ್ಯಾನೊಮೀಟರನ್ನು 1000 ನ್ಯಾನೊಮೀಟರಿಗೆ ಹೋಲಿಸಿದಂತೆ, 1800ರಲ್ಲಿ ಒಂದು ಪಾಲು. ಚಿತ್ರದ ಮೇಲೆ ಫೋಟಾನ್ ಎಬ್ಬಿಸುವ ಜಿಗಿತ ನೆಟ್ಟಗೆ ಲಂಬ ಗೆರೆ. ಹಳೆಯ ಮನೆಯ ಅಟ್ಟವನ್ನು ನೆನಪಿಸಿಕೊಳ್ಳಿ. ನೀವು ನಿಂತಿರುವುದು ನಡುಮನೆಯಲ್ಲಿ, ಅಟ್ಟದ ಕಂಡಿ ಇರುವುದು ಅಡುಗೆಮನೆಯ ಮೇಲೆ. ಕಾಲಲ್ಲಿ ಎಷ್ಟು ಕಸುವಿದ್ದರೂ ನಿಂತಲ್ಲೇ ಎಗರಿದರೆ ತಲೆಗೆ ತೊಲೆ ಬಡಿಯುತ್ತದೆ. ಪಕ್ಕಕ್ಕೆ ಯಾರಾದರೂ ತಳ್ಳಬೇಕು. ಹರಳಿನಲ್ಲಿ ಆ ತಳ್ಳುವ ಕೆಲಸ ಪರಮಾಣುಗಳ ಕಂಪನದ್ದು, ಫೋನಾನಿನದು. ಫೋಟಾನ್, ಎಲೆಕ್ಟ್ರಾನ್, ಫೋನಾನ್ ಮೂರೂ ಒಂದೇ ಗಳಿಗೆಯಲ್ಲಿ ಕೂಡಿಬರಬೇಕು. ಅದು ಅಪರೂಪ. ಆದ್ದರಿಂದ ಸಿಲಿಕಾನ್ ತನ್ನ ಅಂತರಕ್ಕಿಂತ ಹೆಚ್ಚು ಶಕ್ತಿಯ ಬೆಳಕನ್ನೂ ಬಹಳ ಸೋಮಾರಿತನದಿಂದ ಹೀರುತ್ತದೆ.

ಎಷ್ಟು ಸೋಮಾರಿ? ಬೆಳಕು ತಗ್ಗಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಷ್ಟೇ ಉಳಿಯಲು ಬೇಕಾದ ಆಳವನ್ನು ನೋಡಿ. ಸಿಲಿಕಾನ್‌ನಲ್ಲಿ 400 ನ್ಯಾನೊಮೀಟರಿನ ನೀಲಿ-ನೇರಳೆಗೆ 0.1 ಮೈಕ್ರಾನ್ ಸಾಕು, ನೇರ ಜಿಗಿತಕ್ಕೆ ಅದು ಹತ್ತಿರ ಬಂದಿರುತ್ತದೆ. 650ರ ಕೆಂಪಿಗೆ ಸುಮಾರು 3.5 ಮೈಕ್ರಾನ್. 850ಕ್ಕೆ 19. ಒಂದು ಸಾವಿರಕ್ಕೆ 150 ದಾಟುತ್ತದೆ. 1064ರ ಲೇಸರಿಗೆ ಹತ್ತಿರಹತ್ತಿರ 1 ಮಿಲಿಮೀಟರ್, ಅಂದರೆ ಸಾಮಾನ್ಯ ವೇಫರಿನ, ಹರಳಿನ ತೆಳು ಬಿಲ್ಲೆಯ, ದಪ್ಪಕ್ಕಿಂತ ಹೆಚ್ಚು. ಅದೇ 850ಕ್ಕೆ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಸುಮಾರು 1 ಮೈಕ್ರಾನ್ ಸಾಕು.

ಈ ಒಂದು ಸಾಲಿನ ಅಂಕಿಗಳಿಂದ ಡಿಟೆಕ್ಟರ್ ಮಾಡುವವರ ಅರ್ಧ ತಲೆನೋವು ಹುಟ್ಟುತ್ತದೆ. 850 ನ್ಯಾನೊಮೀಟರಿಗೆ ಸಿಲಿಕಾನ್ ಡಯೋಡ್ ಮಾಡಿದಿರಿ, ವಿದ್ಯುತ್ ಕ್ಷೇತ್ರ ಇರುವ ಪದರ 5 ಮೈಕ್ರಾನ್ ಇಟ್ಟಿರಿ ಎನ್ನೋಣ. ಬೆಳಕಿನ ಮುಕ್ಕಾಲು ಪಾಲು ಅದರ ಕೆಳಗಿಳಿದು ಕ್ಷೇತ್ರವೇ ಇಲ್ಲದ ಕಡೆ ಎಲೆಕ್ಟ್ರಾನ್‌ಗಳನ್ನು ಎಬ್ಬಿಸುತ್ತದೆ. ಅವು ದಿಕ್ಕುತಪ್ಪಿ ಅಲೆಯುತ್ತಾ ತಡವಾಗಿ ಬರುತ್ತವೆ. ಆಸಿಲೊಸ್ಕೋಪಿನಲ್ಲಿ ಪಲ್ಸಿನ ತಲೆ ಚೂಪಾಗಿದ್ದು ಹಿಂದೆ ಉದ್ದ ಬಾಲ ಎಳೆಯುವುದು ಇದರಿಂದಲೇ. ಬಾಲ ಕಂಡ ಕೂಡಲೇ ಆಂಪ್ಲಿಫೈಯರ್ ಬದಲಿಸುವವರಿದ್ದಾರೆ. ಮೊದಲು ಬಯಾಸ್, ಅಂದರೆ ಡಯೋಡಿಗೆ ಹೊರಗಿನಿಂದ ಕೊಡುವ ವೋಲ್ಟೇಜ್, ಏರಿಸಿ ನೋಡಿ. ಬಾಲ ಚಿಕ್ಕದಾದರೆ ತಪ್ಪು ಹರಳಿನದು.

ತಂಪು ಮಾಡುವಾಗಲೂ ಇದೇ ಗುಣ ಕೈಕೊಡುತ್ತದೆ. ಸಿಲಿಕಾನ್‌ನ ಅಂತರ ಸೊನ್ನೆ ಕೆಲ್ವಿನ್ ಕಡೆಗೆ ಹೋದಂತೆ 1.17 ಇವಿಗೆ ಹಿಗ್ಗುತ್ತದೆ, ಜೊತೆಗೆ ತಳ್ಳಲು ಒದಗುವ ಫೋನಾನ್‌ಗಳೂ ಕಡಿಮೆಯಾಗುತ್ತವೆ. ಗದ್ದಲ ತಗ್ಗಲೆಂದು ದೂರದರ್ಶಕದ ಸಿಸಿಡಿಯನ್ನು, ಅಂದರೆ ಚಿತ್ರ ಹಿಡಿಯುವ ಚಿಪ್ಪನ್ನು, ತಣ್ಣಗೆ ಮಾಡಿದರೆ 1 ಮೈಕ್ರಾನ್ ಸುತ್ತಲಿನ ಸಂವೇದನೆ ಕುಸಿಯುತ್ತದೆ. ಅದಕ್ಕಾಗಿಯೇ ಖಗೋಳಶಾಸ್ತ್ರಜ್ಞರು ಅಧಿಕ ನಿರೋಧದ ಸಿಲಿಕಾನ್‌ನಲ್ಲಿ 200–250 ಮೈಕ್ರಾನ್ ದಪ್ಪದ ಸಿಸಿಡಿಗಳನ್ನು ಮಾಡಿಸಿಕೊಂಡರು.

ಇಷ್ಟು ಬೈದ ಮೇಲೆ ಸಿಲಿಕಾನ್ ಪರವಾಗಿ ಒಂದು ಮಾತು. ಏರಲು ಕಷ್ಟವಾದಲ್ಲಿ ಇಳಿಯಲೂ ಕಷ್ಟ. ಮೇಲೇರಿದ ಎಲೆಕ್ಟ್ರಾನ್ ನೇರ ಕೆಳಗೆ ಬಿದ್ದು ಬೆಳಕಾಗಲಾರದು, ಒಳ್ಳೆಯ ಹರಳಿನಲ್ಲಿ ಮಿಲಿಸೆಕೆಂಡುಗಟ್ಟಲೆ ಬದುಕುತ್ತದೆ. ಹಿಡಿದು ಹೊರಗೆಳೆಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಎಲ್‌ಇಡಿಗೆ ಸಿಲಿಕಾನ್ ಬಾರದು, ಕ್ಯಾಮೆರಾಕ್ಕೆ ಅದೇ ರಾಜ.

ಜರ್ಮೇನಿಯಂನ ಅದೃಷ್ಟ

ಜರ್ಮೇನಿಯಂನ ಆಳದ ಕಣಿವೆ ಎಲ್ ಬಿಂದುವಿನಲ್ಲಿದೆ, 0.66 ಇವಿ. ಹಾಗಾಗಿ ಅದೂ ಪರೋಕ್ಷ ಅಂತರದ್ದೇ. ಆದರೆ ಗಾಮಾದ ನೇರ ಕಣಿವೆ 0.80 ಇವಿಯಲ್ಲೇ ಇದೆ, ಬರೀ 0.14 ಮೇಲೆ. 1.24 ಅನ್ನು 0.80ರಿಂದ ಭಾಗಿಸಿದರೆ 1.55 ಮೈಕ್ರಾನ್. ಗಾಜಿನ ಫೈಬರ್‌ನಲ್ಲಿ ಬೆಳಕು ಅತಿ ಕಡಿಮೆ ಸವೆಯುವ ತರಂಗಾಂತರವೂ ಅದೇ. ಇದು ಬರೀ ಕಾಕತಾಳೀಯ, ಆದರೆ ದೂರಸಂಪರ್ಕದವರು ಅದನ್ನು ಸುಮ್ಮನೆ ಬಿಡಲಿಲ್ಲ.

ಸಿಲಿಕಾನ್ ಚಿಪ್ಪಿನ ಮೇಲೇ ಜರ್ಮೇನಿಯಂ ಬೆಳೆಸಿದರೆ ಇನ್ನೊಂದು ಲಾಭ ತಾನಾಗಿ ಬರುತ್ತದೆ. ಎರಡರ ಜಾಲಕದ ಅಳತೆಯಲ್ಲಿ, ಅಂದರೆ ಪರಮಾಣು ಜೋಡಣೆಯ ಘಟಕದ ಅಳತೆಯಲ್ಲಿ, ಶೇ. 4.2 ವ್ಯತ್ಯಾಸವಿದೆ, ಆದ್ದರಿಂದ ಮೊದಲು 350–400 ಡಿಗ್ರಿಯಲ್ಲಿ ತೆಳು ಪದರ ಹಾಕಿ, ಆಮೇಲೆ 600–700ರಲ್ಲಿ ಉಳಿದದ್ದನ್ನು ಬೆಳೆಸಿ, ಕೊನೆಗೆ ಕಾಯಿಸಿ ದೋಷ ಕಡಿಮೆ ಮಾಡುತ್ತಾರೆ. ತಣಿಯುವಾಗ ಜರ್ಮೇನಿಯಂ ಸಿಲಿಕಾನ್‌ಗಿಂತ ಹೆಚ್ಚು ಕುಗ್ಗಬಯಸುತ್ತದೆ, ಕೆಳಗಿನ ಸಿಲಿಕಾನ್ ಬಿಡುವುದಿಲ್ಲ. ಪದರ ಸುಮಾರು ಶೇ. 0.2ರಷ್ಟು ಹಿಗ್ಗಿಯೇ ಉಳಿಯುತ್ತದೆ. ಆ ಎಳೆತಕ್ಕೆ ಗಾಮಾ ಕಣಿವೆ ಇನ್ನೂ ಸುಮಾರು 0.03 ಇವಿ ಕೆಳಗಿಳಿದು, ಹೀರಿಕೆಯ ಅಂಚು 1.6 ಮೈಕ್ರಾನ್ ಕಡೆಗೆ ಸರಿಯುತ್ತದೆ. ಕುಲುಮೆಯ ತಾಪ ಶಕ್ತಿಪಟ್ಟಿಯನ್ನು ತಿದ್ದುವುದು ಎಂದರೆ ಹೀಗೆ. ಕತ್ತಲಲ್ಲೂ ಹರಿಯುವ ಡಾರ್ಕ್ ಕರೆಂಟಿನ ಹಾವಳಿ ಮಾತ್ರ ಉಳಿದೇ ಇದೆ. ಬೆಳಕಿಲ್ಲದೆ ತಾಪದಿಂದಲೇ ಏಳುವ ಎಲೆಕ್ಟ್ರಾನ್‌ಗಳ ಸಂಖ್ಯೆ ಸಿಲಿಕಾನ್‌ನಲ್ಲಿ ಘನ ಸೆಂಟಿಮೀಟರಿಗೆ 10ರ ಘಾತ 10ರಷ್ಟಿದ್ದರೆ ಜರ್ಮೇನಿಯಂನಲ್ಲಿ ಅದರ ಎರಡು ಸಾವಿರ ಪಟ್ಟು.

0.53 ಎಂಬ ಅಂಕಿ

ಇಂಡಿಯಂ ಆರ್ಸೆನೈಡ್ ಮತ್ತು ಗ್ಯಾಲಿಯಂ ಆರ್ಸೆನೈಡ್ ಎರಡೂ ನೇರ ಅಂತರದವು. ಒಂದರದ್ದು 0.35 ಇವಿ, ಇನ್ನೊಂದರದ್ದು 1.42. ಬೆರೆಸಿದರೆ ನಡುವಿನ ಯಾವ ಅಂತರವೂ ಸಿಗುತ್ತದೆ. ಹಾಗಿದ್ದೂ ಎಲ್ಲರೂ ಇಂಡಿಯಂ ಪಾಲು 0.53 ಎಂದೇ ಯಾಕೆ ಹಿಡಿಯುತ್ತಾರೆ? ಬೆಳೆಸಲು ತಳ ಬೇಕಲ್ಲ. ಇಂಡಿಯಂ ಫಾಸ್ಫೈಡ್ ವೇಫರಿನ ಜಾಲಕದ ಅಳತೆ 5.869 ಆಂಗ್‌ಸ್ಟ್ರಾಮ್. ಗ್ಯಾಲಿಯಂ ಆರ್ಸೆನೈಡಿನ 5.653ಕ್ಕೂ ಇಂಡಿಯಂ ಆರ್ಸೆನೈಡಿನ 6.058ಕ್ಕೂ ನಡುವೆ ನೇರ ಗೆರೆ ಎಳೆದರೆ 5.869 ಬರುವುದು 0.53ರಲ್ಲಿ. ಆ ಮಿಶ್ರಣದ ಅಂತರ ಸುಮಾರು 0.74–0.75 ಇವಿ, ತುದಿ 1.65–1.67 ಮೈಕ್ರಾನ್. ಫೈಬರಿನ 1.31, 1.55 ಎರಡೂ ಒಳಗೆ ಬಂದವು.

ಬೆಳೆಸುವಾಗ ಇಂಡಿಯಂ ಪಾಲು ನೂರಕ್ಕೆ ಒಂದು ಅಂಶ ತಪ್ಪಿದರೆ ಜಾಲಕ ಹತ್ತು ಸಾವಿರಕ್ಕೆ ಏಳರಷ್ಟು ಹೊಂದದೆ ಹೋಗುತ್ತದೆ. ಇದನ್ನು ಹಿಡಿಯುವುದು ಎಕ್ಸ್‌-ರೇ ವಿವರ್ತನದಿಂದ. ತಾಮ್ರದ ಎಕ್ಸ್‌-ರೇ ಬಳಸಿ ಹರಳಿನ 004 ಎಂಬ ಪರಮಾಣು ತಲದಿಂದ ನೋಡಿದರೆ ಒಂದು ಅಂಶದ ತಪ್ಪಿಗೆ ಪದರದ ಶಿಖರ ತಳದ ಶಿಖರದಿಂದ ಸುಮಾರು 175 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ದೂರ ಸರಿದಿರುತ್ತದೆ. ಶಿಖರ ಎಡಕ್ಕೆ ಹೋಗಿದ್ದರೆ ಇಂಡಿಯಂ ಹೆಚ್ಚು, ಬಲಕ್ಕಾದರೆ ಗ್ಯಾಲಿಯಂ ಹೆಚ್ಚು. 3 ಮೈಕ್ರಾನ್ ಪದರದಲ್ಲಿ ಇಷ್ಟು ತಪ್ಪನ್ನು ಹರಳು ಸಹಿಸುವುದಿಲ್ಲ, ಅಡಿಯಿಂದ ಗೆರೆಗೆರೆಯಾಗಿ ದೋಷಗಳು ಏಳುತ್ತವೆ.

3 ಮೈಕ್ರಾನ್ ಎಂದೆ, ಅದೂ ಪಟ್ಟಿಯಿಂದಲೇ ಬಂದ ಅಂಕಿ. ಇಲ್ಲಿ 1.55ಕ್ಕೆ ಹೀರಿಕೆ ಗುಣಾಂಕ ಸೆಂಟಿಮೀಟರಿಗೆ ಎಂಟು ಸಾವಿರದ ಆಸುಪಾಸು. 3 ಮೈಕ್ರಾನ್ ದಪ್ಪದಲ್ಲಿ ಒಳಗೆ ಬಂದ ಬೆಳಕಿನ ಶೇ. 90ರಷ್ಟು ಮುಗಿಯುತ್ತದೆ. ಅದನ್ನು ದಾಟಲು ಹೋಲ್‌ಗಳಿಗೆ ಕೆಲವು ಹತ್ತು ಪಿಕೊಸೆಕೆಂಡ್ ಹಿಡಿಯುತ್ತದೆ, ವೇಗದ ಮಿತಿ 10 ಗಿಗಾಹರ್ಟ್ಸ್ ಆಸುಪಾಸಿಗೆ ಬಂದು ನಿಲ್ಲುತ್ತದೆ. 40 ಬೇಕಾದವರು ಪದರವನ್ನು 1 ಮೈಕ್ರಾನ್‌ಗಿಂತ ತೆಳ್ಳಗೆ ಮಾಡಿ, ಬೆಳಕನ್ನು ಮೇಲಿನಿಂದ ಬಿಡದೆ ಪಕ್ಕದಿಂದ ನುಗ್ಗಿಸುತ್ತಾರೆ.

ಈ ಡಯೋಡಿನ ಮೇಲ್ಮುಚ್ಚಿಗೆ ಇಂಡಿಯಂ ಫಾಸ್ಫೈಡಿನದು. ಅದರ ಅಂತರ 1.34 ಇವಿ, ಆದ್ದರಿಂದ 0.92 ಮೈಕ್ರಾನ್‌ಗಿಂತ ಚಿಕ್ಕ ತರಂಗವನ್ನು ಮುಚ್ಚಿಗೆಯೇ ನುಂಗಿಬಿಡುತ್ತದೆ. ಡೇಟಾ ಶೀಟಿನಲ್ಲಿ 0.9ರಿಂದ 1.7 ಎಂದು ಇರುವುದು ಇದಕ್ಕೇ: ಬಲಗಡೆಯ ಅಂಚು ಒಂದು ಹರಳಿನದು, ಎಡಗಡೆಯ ಅಂಚು ಇನ್ನೊಂದರದು. ಮುಚ್ಚಿಗೆ ಸವೆಸಿ ತೆಳ್ಳಗೆ ಮಾಡಿದರೆ ಅದೇ ಡಯೋಡ್ ಕಣ್ಣಿಗೆ ಕಾಣುವ ಬೆಳಕನ್ನೂ ನೋಡುತ್ತದೆ.

ಗುಣಿಸುವ ಡಯೋಡಿನಲ್ಲಿ, ಅಂದರೆ ಅವಲಾಂಶ್ ಡಯೋಡಿನಲ್ಲಿ, ಒಂದು ಎಲೆಕ್ಟ್ರಾನ್ ಹತ್ತಾಗಬೇಕು, ಅದಕ್ಕೆ ಬಲವಾದ ಕ್ಷೇತ್ರ ಬೇಕು. ಅಷ್ಟು ಕ್ಷೇತ್ರವನ್ನು ಇಂಡಿಯಂ-ಗ್ಯಾಲಿಯಂ-ಆರ್ಸೆನೈಡಿನ ಮೇಲೆ ಹಾಕಿದರೆ ಕೆಲಸ ಕೆಡುತ್ತದೆ. ಕಿರಿದಾದ ಅಂತರದ ಹರಳಿನಲ್ಲಿ ಎಲೆಕ್ಟ್ರಾನ್ ಹಗುರ, ಸೆಂಟಿಮೀಟರಿಗೆ ಸುಮಾರು 2 ಲಕ್ಷ ವೋಲ್ಟ್ ದಾಟಿದರೆ ಅದು ಅಂತರವನ್ನು ಹತ್ತದೆ ಸುರಂಗ ಕೊರೆದು ಆಚೆ ಹೋಗುತ್ತದೆ. ಬೆಳಕಿಲ್ಲದೆಯೇ ಕರೆಂಟ್. ಹಾಗಾಗಿ ಹೀರುವ ಕೆಲಸ ಒಂದು ಪದರಕ್ಕೆ, ಗುಣಿಸುವ ಕೆಲಸ ನಾಲ್ಕೂವರೆ ಲಕ್ಷಕ್ಕೂ ಮೇಲಿನ ಕ್ಷೇತ್ರ ತಡೆಯುವ ಇಂಡಿಯಂ ಫಾಸ್ಫೈಡಿಗೆ ಎಂದು ಹಂಚುತ್ತಾರೆ. ಹಂಚಿದ ಕೂಡಲೇ ಹೊಸ ತೊಡಕು. ಎರಡರ ವೇಲೆನ್ಸ್ ಪಟ್ಟಿಗಳು ಒಂದೇ ಮಟ್ಟದಲ್ಲಿಲ್ಲ, ಗಡಿಯಲ್ಲಿ 0.35–0.4 ಇವಿ ಎತ್ತರದ ಮೆಟ್ಟಿಲಿದೆ. ಓಡಿಬಂದ ಹೋಲ್‌ಗಳು ಅಲ್ಲಿ ರಾಶಿಬಿದ್ದು ನಿಧಾನವಾಗಿ ದಾಟುತ್ತವೆ. ಡಯೋಡ್ ಚೆನ್ನಾಗಿ ಗುಣಿಸುತ್ತದೆ, ಆದರೆ ಮಂದ. ಪರಿಹಾರಕ್ಕೆ ಗಡಿಯಲ್ಲಿ ನಾಲ್ಕು ಧಾತುಗಳ ಮಿಶ್ರಣದ ಒಂದೆರಡು ತೆಳು ಪದರ ಸೇರಿಸಿ ಒಂದು ದೊಡ್ಡ ಮೆಟ್ಟಿಲನ್ನು ಮೂರು ಸಣ್ಣ ಮೆಟ್ಟಿಲಾಗಿ ಒಡೆಯುತ್ತಾರೆ.

ಎಸ್‌ಐಆರ್-2ಗೆ ಬೇಕಾಗಿದ್ದ 2.4 ಮೈಕ್ರಾನ್ 0.53ರ ಮಿಶ್ರಣಕ್ಕೆ ನಿಲುಕದು. ಇಂಡಿಯಂ ಪಾಲನ್ನು 0.8ರ ಮೇಲಕ್ಕೆ ಒಯ್ಯಬೇಕು. 0.83ರಲ್ಲಿ ತಳದೊಂದಿಗಿನ ಹೊಂದಿಕೆ ಶೇ. 2ರಷ್ಟು ತಪ್ಪುತ್ತದೆ. ನಡುವೆ ಮೆಟ್ಟಿಲುಮೆಟ್ಟಿಲಾಗಿ ಪದರ ಹಾಕಿ ದೋಷಗಳನ್ನು ಅಲ್ಲೇ ಹೂಳಲು ನೋಡುತ್ತಾರೆ, ಪೂರ್ತಿ ಹೂಳಲಾಗದು. ಅಂತರ ಕಿರಿದಾದದ್ದರ ಜೊತೆ ದೋಷಗಳೂ ಸೇರಿ ಡಾರ್ಕ್ ಕರೆಂಟ್ ಸಾವಿರ ಪಟ್ಟಿನ ಲೆಕ್ಕದಲ್ಲಿ ಏರುತ್ತದೆ.

ಪಾದರಸ

1959ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನ ರಾಯಲ್ ರಡಾರ್ ಎಸ್ಟಾಬ್ಲಿಷ್‌ಮೆಂಟಿನ ಲಾಸನ್ ಮತ್ತು ಸಂಗಡಿಗರು ಕ್ಯಾಡ್ಮಿಯಂ ಟೆಲ್ಯೂರೈಡ್ ಮತ್ತು ಪಾದರಸ ಟೆಲ್ಯೂರೈಡ್ ಬೆರೆಸಿದ ಹರಳುಗಳ ಬಗ್ಗೆ ಬರೆದರು. ಮೊದಲನೆಯದರ ಅಂತರ 1.5–1.6 ಇವಿ. ಎರಡನೆಯದು ವಿಚಿತ್ರ, ಅದರ ಪಟ್ಟಿಗಳು ತಲೆಕೆಳಗಾಗಿವೆ, ಮೇಲಿರಬೇಕಾದದ್ದು ಕೆಳಗೆ. ಅಂತರ ಋಣಸಂಖ್ಯೆ, ಅತಿ ಕಡಿಮೆ ತಾಪದಲ್ಲಿ ಮೈನಸ್ 0.3. ಎರಡನ್ನೂ ಬೆರೆಸುತ್ತಾ ಹೋದರೆ ಅಂತರ ಸೊನ್ನೆಯನ್ನು ದಾಟಲೇಬೇಕು, ಅಂದರೆ ಬೇಕಾದಷ್ಟು ಚಿಕ್ಕ ಅಂತರವನ್ನು ಹೇಳಿ ಮಾಡಿಸಿಕೊಳ್ಳಬಹುದು. ಜಾಲಕದ ಅಳತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಶೇ. 0.3ರಷ್ಟು. ಶೇ. 4ರಷ್ಟು ಸತು ಬೆರೆಸಿದ ಕ್ಯಾಡ್ಮಿಯಂ ಟೆಲ್ಯೂರೈಡ್ ತಳ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಣಿವೆಯೂ ಗಾಮಾದಲ್ಲೇ, ನೇರ.

ಕಾಗದದ ಮೇಲೆ ಇಷ್ಟು ಚೆಂದ. ಕೈಗೆ ಬಂದಾಗ ಹೇಗಿರುತ್ತದೆ ನೋಡಿ. ಕ್ಯಾಡ್ಮಿಯಂ ಪಾಲು 0.22 ಇಟ್ಟು 77 ಕೆಲ್ವಿನ್‌ಗೆ ತಂಪು ಮಾಡಿದರೆ, ಎಲ್ಲರೂ ಬಳಸುವ ಹ್ಯಾನ್ಸನ್ ಸೂತ್ರದ ಪ್ರಕಾರ ಅಂತರ 0.115 ಇವಿ, ತುದಿ 10.7 ಮೈಕ್ರಾನ್. ಈಗ ಪಾಲು 0.22ರ ಬದಲು 0.222 ಆಯಿತೆನ್ನಿ. ಅಂತರ ಸುಮಾರು 0.003 ಇವಿ ಏರುತ್ತದೆ, ಅಷ್ಟಕ್ಕೇ ತುದಿ 0.3 ಮೈಕ್ರಾನ್ ಹಿಂದೆ ಸರಿಯುತ್ತದೆ. ಇದೇ ತಪ್ಪು 5 ಮೈಕ್ರಾನಿನ ಹರಳಿನಲ್ಲಾಗಿದ್ದರೆ 0.07 ಮಾತ್ರ. ತುದಿ ಉದ್ದವಾದಷ್ಟೂ ತಪ್ಪು ಅದರ ವರ್ಗದಂತೆ ಬೆಳೆಯುತ್ತದೆ. ಒಂದು ವೇಫರಿನ ನಡುವಿಗೂ ಅಂಚಿಗೂ ಇಷ್ಟು ಫರಕಿದ್ದರೆ ಚಿತ್ರದ ಒಂದು ಬದಿ ಇನ್ನೊಂದಕ್ಕಿಂತ ಬೇರೆ ಬಣ್ಣ ನೋಡುತ್ತಿರುತ್ತದೆ.

ಇನ್ನೊಂದು ಬಲೆ. ಸಿಲಿಕಾನ್ ತಣಿದರೆ ಅಂತರ ಹಿಗ್ಗುತ್ತದೆ, ಈ ಎಂಸಿಟಿ ತಣಿದರೆ ಅಂತರ ಕುಗ್ಗುತ್ತದೆ. ಮೇಲಿನದೇ ಹರಳು ಕೋಣೆಯ ತಾಪದಲ್ಲಿ 0.18 ಇವಿ, ತುದಿ 6.8 ಮೈಕ್ರಾನ್. ಬೆಳೆಸಿದ ಪದರವನ್ನು ಮೇಜಿನ ಮೇಲಿಟ್ಟು ಅವಕೆಂಪು ಸ್ಪೆಕ್ಟ್ರೋಮೀಟರಿನಲ್ಲಿ ಅಳೆದವರು ಈ ತಿದ್ದುಪಡಿ ಮರೆತರೆ ಒಳ್ಳೆಯ ವೇಫರನ್ನೇ ಕಸದ ಬುಟ್ಟಿಗೆ ಹಾಕಿಯಾರು.

ಪಾದರಸದ ಬಂಧವೂ ಸಡಿಲ. ನಿರ್ವಾತದಲ್ಲಿ ಅಣುಗಳ ಧಾರೆ ಹಾಯಿಸಿ ಹರಳು ಬೆಳೆಸುವ ಎಂಬಿಇ ಯಂತ್ರದಲ್ಲಿ ಪದರ ಬೆಳೆಯುವುದು 180–190 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವೇ ಡಿಗ್ರಿ ಆಚೀಚೆಯಾದರೂ ದೋಷ. ಪಾದರಸ ಹಾರಿಹೋದ ಖಾಲಿ ಜಾಗ ಅಕ್ಸೆಪ್ಟರಿನಂತೆ, ಅಂದರೆ ಎಲೆಕ್ಟ್ರಾನ್ ಹಿಡಿದಿಟ್ಟುಕೊಳ್ಳುವ ಕಲ್ಮಶದಂತೆ, ವರ್ತಿಸಿ ಹರಳನ್ನು ಹೋಲ್‌ಗಳೇ ಹೆಚ್ಚಿರುವ ಪಿ-ಟೈಪ್ ಮಾಡುತ್ತದೆ. ಅದನ್ನು ಸರಿಪಡಿಸಲು ಪಾದರಸದ ಆವಿಯಲ್ಲೇ ಸುಮಾರು 250 ಡಿಗ್ರಿಯಲ್ಲಿ ಮತ್ತೆ ಕಾಯಿಸುತ್ತಾರೆ. ಕೊನೆಗೆ ನಿರ್ವಾತ ಪೆಟ್ಟಿಗೆಯಲ್ಲಿ ಕೂರಿಸಿ ತೇವ ಹೋಗಲು ಕಾಯಿಸುವಾಗ 100 ಡಿಗ್ರಿಯ ಕೆಳಗೇ ಇದ್ದು ದಿನಗಟ್ಟಲೆ ಕಾಯಬೇಕು, ಆತುರಪಟ್ಟು ಬಿಸಿ ಏರಿಸಿದರೆ ಡಯೋಡುಗಳೇ ಕೆಡುತ್ತವೆ.

ತಂಪು ಯಾಕೆ ಬೇಕು ಎಂಬ ಪ್ರಶ್ನೆಗೂ ಪಟ್ಟಿಯಲ್ಲೇ ಉತ್ತರವಿದೆ. 300 ಕೆಲ್ವಿನ್‌ನಲ್ಲಿ ತಾಪದ ಅಲುಗಾಟದ ಶಕ್ತಿ 0.026 ಇವಿ, 77ರಲ್ಲಿ 0.0066. ಅಂತರ 0.12 ಇವಿ ಇದ್ದರೆ ಮೊದಲನೆಯದರಲ್ಲಿ ಅದು ನಾಲ್ಕೂವರೆ ಪಟ್ಟು, ಎರಡನೆಯದರಲ್ಲಿ ಹದಿನೆಂಟು ಪಟ್ಟು. ಘಾತಕ್ಕೇರಿಸಿದರೆ ತಾಪದಿಂದಲೇ ಅಂತರ ಹಾರುವ ಸಾಧ್ಯತೆ ಏಳು ಲಕ್ಷ ಪಟ್ಟು ಇಳಿಯುತ್ತದೆ. ಹಾಗೆಂದು ಹರಳನ್ನಷ್ಟೇ ತಂಪು ಮಾಡಿದರೆ ಸಾಲದು. ಕೋಣೆಯ ಗೋಡೆ, ಪೆಟ್ಟಿಗೆಯ ಒಳಮೈ, ನಮ್ಮ ಕೈ ಎಲ್ಲವೂ 10 ಮೈಕ್ರಾನ್ ಸುತ್ತ ಹೊಳೆಯುತ್ತಿರುತ್ತವೆ. ಹರಳಿನ ಸುತ್ತ ತಣ್ಣನೆಯ ಕವಚ ಕೂರಿಸಿ, ಮಸೂರದ ದಿಕ್ಕಿಗೆ ಮಾತ್ರ ಕಿಂಡಿ ಬಿಡಬೇಕು.

ತಂಪಿನಿಂದ ಇನ್ನೊಂದು ಏಟು ಬೀಳುತ್ತದೆ. ಎಂಸಿಟಿ ಹರಳಿನ ಪ್ರತಿ ಪಿಕ್ಸೆಲ್ ಇಂಡಿಯಂನ ಪುಟ್ಟ ಉಂಡೆಯ ಮೂಲಕ ಕೆಳಗಿನ ಸಿಲಿಕಾನ್ ಚಿಪ್ಪಿಗೆ ಅಂಟಿರುತ್ತದೆ. ತಳದ ಹರಳು ಸಿಲಿಕಾನ್‌ನ ಸರಿಸುಮಾರು ಎರಡು ಪಟ್ಟು ಕುಗ್ಗುತ್ತದೆ. 20 ಮಿಲಿಮೀಟರ್ ಅಗಲದ ಚಿಪ್ಪನ್ನು 77 ಕೆಲ್ವಿನ್‌ಗೆ ಇಳಿಸಿದರೆ ಅಂಚಿನಲ್ಲಿ ಕೆಲವು ಮೈಕ್ರಾನ್ ಎಳೆದಾಟ. ಹತ್ತಾರು ಸಲ ತಣಿಸಿ ಬಿಸಿಮಾಡಿದ ಮೇಲೆ ಮೂಲೆಯ ಪಿಕ್ಸೆಲ್‌ಗಳು ಮೊದಲು ಸತ್ತರೆ ಶಂಕೆ ಹೋಗಬೇಕಾದದ್ದು ಈ ಉಂಡೆಗಳ ಮೇಲೆ.

ಎಂ3ರ ಹರಳು 3 ಮೈಕ್ರಾನ್ ತುದಿಯದು, ಅಂತಹದಕ್ಕೆ ಕ್ಯಾಡ್ಮಿಯಂ ಪಾಲು ಶೇ. 40ರ ಆಸುಪಾಸು, ಅಂತರ 0.4 ಇವಿ. ಆ ಅಂತರಕ್ಕೆ 77 ಕೆಲ್ವಿನ್ ಬೇಡ, ಬಾಹ್ಯಾಕಾಶದ ಕಡೆ ಶಾಖ ಚೆಲ್ಲುವ ರೇಡಿಯೇಟರ್ ಸಾಕಾಯಿತು. ಆದರೆ ಬಿಸಿಲಿನಲ್ಲಿರುವ ಚಂದ್ರನ ನೆಲ ತಾನೇ ಅವಕೆಂಪಿನಲ್ಲಿ ಹೊಳೆಯುತ್ತದೆ, ಆ ಹೊಳಪು 3 ಮೈಕ್ರಾನ್ ಬಳಿಯೇ ತಲೆ ಎತ್ತಿ ನೀರಿನ ಗುರುತಿನ ಮೇಲೆ ಕವಿಯುತ್ತದೆ. ವ್ಯಾಪ್ತಿ ಅಲ್ಲೇ ನಿಂತರೆ ಎರಡನ್ನೂ ಬೇರ್ಪಡಿಸುವುದು ಕಷ್ಟ. 2019ರ ಚಂದ್ರಯಾನ-2ರ ಐಐಆರ್‌ಎಸ್ ಎಂಬ ಅವಕೆಂಪು ಸ್ಪೆಕ್ಟ್ರೋಮೀಟರನ್ನು ಇಸ್ರೋ 5 ಮೈಕ್ರಾನ್‌ವರೆಗೆ ಒಯ್ದಿತು. ಅಂತರ ಕಾಲು ಇವಿಗೆ ಇಳಿಯಿತು, ರೇಡಿಯೇಟರ್ ಸಾಲದೆ ಕ್ರಯೋಕೂಲರ್ ಎಂಬ ತಂಪು ಮಾಡುವ ಯಂತ್ರವೇ ಬಂತು, ಅದರ ಜೊತೆ ವಿದ್ಯುತ್ತಿನ ಖರ್ಚು ಮತ್ತು ಕಂಪನ. 2 ಮೈಕ್ರಾನ್ ಹೆಚ್ಚಿಗೆ ನೋಡಲು ತೆತ್ತ ಬೆಲೆ ಅದು.

ಎಂಸಿಟಿಗೆ ಪೈಪೋಟಿಯಾಗಿ ಇಂಡಿಯಂ ಆರ್ಸೆನೈಡ್ ಮತ್ತು ಗ್ಯಾಲಿಯಂ ಆಂಟಿಮೊನೈಡನ್ನು ಕೆಲವೇ ನ್ಯಾನೊಮೀಟರ್ ದಪ್ಪದಲ್ಲಿ ಒಂದರ ಮೇಲೊಂದು ಪೇರಿಸುವ ವಿಧಾನ ಬೆಳೆದಿದೆ. 1977ರಲ್ಲಿ ಸಾಯ್-ಹಲಾಸ್, ತ್ಸು, ಎಸಾಕಿ ಇದರ ಕಲ್ಪನೆ ಮುಂದಿಟ್ಟರು. ಇಲ್ಲಿ ಅಂತರ ನಿಂತಿರುವುದು ಪದರದ ದಪ್ಪದ ಮೇಲೆ. ಪಾದರಸದ ರಗಳೆ ಇಲ್ಲ, ಆದರೆ ಎಲೆಕ್ಟ್ರಾನ್ ಒಂದು ಪದರದಲ್ಲಿ, ಹೋಲ್ ಪಕ್ಕದ ಪದರದಲ್ಲಿ ಇರುವುದರಿಂದ ಹೀರಿಕೆ ಕಡಿಮೆ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಕಂಪ್ಯೂಟರಿನಲ್ಲಿ ಪಟ್ಟಿ ಬರೆಯುವವರಿಗೆ

ಎಂಎಸ್ಸಿ, ಪಿಎಚ್‌ಡಿ ಮಾಡುವವರು ಈಗ ಕ್ವಾಂಟಮ್ ಎಸ್ಪ್ರೆಸೊದಂಥ ಉಚಿತ ತಂತ್ರಾಂಶದಲ್ಲಿ ತಾವೇ ಶಕ್ತಿಪಟ್ಟಿ ಬರೆಯಬಹುದು. ಸಿಲಿಕಾನ್‌ನಿಂದ ಶುರು ಮಾಡಿ: ಘಟಕದಲ್ಲಿ ಎರಡು ಪರಮಾಣು, ಅಳತೆ 5.43 ಆಂಗ್‌ಸ್ಟ್ರಾಮ್, ಕೆ ಬಿಂದುಗಳ 8×8×8 ಜಾಲ. ಮೊದಲು ಸ್ವಸಂಗತ ಲೆಕ್ಕ (ಎಲೆಕ್ಟ್ರಾನ್‌ಗಳ ಹಂಚಿಕೆ ಬದಲಾಗದೆ ನಿಲ್ಲುವವರೆಗೆ ಮತ್ತೆ ಮತ್ತೆ ಹಾಕುವ ಲೆಕ್ಕ) ಮುಗಿಸಿ, ಆಮೇಲೆ ಎಲ್–ಗಾಮಾ–ಎಕ್ಸ್ ದಾರಿಯಲ್ಲಿ ಪಟ್ಟಿಯ ಲೆಕ್ಕ. ಮೊದಲ ಸಲ ಬಹಳ ಮಂದಿಗೆ ನಾಲ್ಕೇ ಪಟ್ಟಿ ಬಂದು ವಹನ ಪಟ್ಟಿ ಕಾಣೆಯಾಗಿರುತ್ತದೆ. ಎಂಟು ಎಲೆಕ್ಟ್ರಾನಿಗೆ ನಾಲ್ಕು ಪಟ್ಟಿ ಸಾಕೆಂದು ತಂತ್ರಾಂಶ ತಾನೇ ನಿರ್ಧರಿಸಿರುತ್ತದೆ, ಎಂಟು ಬೇಕೆಂದು ನೀವೇ ಹೇಳಬೇಕು.

ಅಂತರ 1.12ರ ಬದಲು 0.6ರ ಹತ್ತಿರ ಬಂದರೆ ಗಾಬರಿ ಬೇಡ. ಸಾಮಾನ್ಯ ಅಂದಾಜುಗಳು ಅಂತರವನ್ನು ಕಡಿಮೆಯೇ ತೋರಿಸುತ್ತವೆ. ಸಿಲಿಕಾನ್‌ನಲ್ಲಿ ಆಕಾರ ಸರಿಯಿರುತ್ತದೆ, ವಹನ ಪಟ್ಟಿಯನ್ನು ಇಡಿಯಾಗಿ ಮೇಲೆತ್ತಿ ಕೆಲಸ ಸಾಗಿಸಬಹುದು. ಆದರೆ ಜರ್ಮೇನಿಯಂನಲ್ಲಿ ಅಂತರವೇ ಮಾಯವಾಗಿ ಅದು ಲೋಹದಂತೆ ಕಾಣುತ್ತದೆ, ಇಂಡಿಯಂ ಆಂಟಿಮೊನೈಡ್‌ನಲ್ಲಿ ಪಟ್ಟಿಗಳ ಕ್ರಮವೇ ತಿರುವುಮುರುವು. ಅಲ್ಲಿ ಎತ್ತಿ ಕೂರಿಸುವ ಉಪಾಯ ನಡೆಯದು. ಅಂತರವನ್ನು ಹೆಚ್ಚು ನಿಖರವಾಗಿ ಕೊಡುವ ಎಚ್‌ಎಸ್‌ಇ ಅಥವಾ ಜಿಡಬ್ಲ್ಯೂ ವಿಧಾನಕ್ಕೇ ಹೋಗಬೇಕು, ಸಮಯ ಎಷ್ಟೋ ಪಟ್ಟು ಹೆಚ್ಚು ಹಿಡಿಯುತ್ತದೆ.

ಸ್ಪಿನ್-ಕಕ್ಷೆ ಜೋಡಣೆ, ಅಂದರೆ ಎಲೆಕ್ಟ್ರಾನಿನ ಸ್ಪಿನ್ನಿಗೂ ಅದರ ಕಕ್ಷೆಯ ಚಲನೆಗೂ ಇರುವ ನಂಟನ್ನು, ಬಿಡುವುದು ಇನ್ನೊಂದು ತಪ್ಪು. ಅದು ವೇಲೆನ್ಸ್ ಪಟ್ಟಿಯ ಶಿಖರವನ್ನು ಸೀಳಿ, ಸೀಳಿನ ಮೂರನೇ ಒಂದರಷ್ಟು ಮೇಲಕ್ಕೆತ್ತುತ್ತದೆ. ಸಿಲಿಕಾನ್‌ನಲ್ಲಿ ಸೀಳು 0.044 ಇವಿ, ಬಿಟ್ಟರೂ ನಡೆದೀತು. ಇಂಡಿಯಂ ಆಂಟಿಮೊನೈಡ್‌ನಲ್ಲಿ 0.8. ಮೂರನೇ ಒಂದು ಎಂದರೆ 0.27, ಆ ಹರಳಿನ ಇಡೀ ಅಂತರಕ್ಕಿಂತ ದೊಡ್ಡದು. 1957ರಲ್ಲಿ ಭೌತವಿಜ್ಞಾನಿ ಕೇನ್ ಇದೇ ಹರಳಿಗೆ ಕೆ-ಡಾಟ್-ಪಿ ಲೆಕ್ಕ (ಗಾಮಾದ ಸುತ್ತ ಪಟ್ಟಿಯ ಆಕಾರ ಕಂಡುಹಿಡಿಯುವ ವಿಧಾನ) ಹಾಕಿದಾಗ ಈ ಸೀಳನ್ನು ಸೇರಿಸಿಕೊಂಡೇ ಹೊರಟಿದ್ದರು. ಡಿಟೆಕ್ಟರಿನ ಪದರ ವಿನ್ಯಾಸಕ್ಕೆ ಇವತ್ತಿಗೂ ಬಳಕೆಯಲ್ಲಿರುವುದು ಆ ಲೆಕ್ಕದ ಮಕ್ಕಳು-ಮೊಮ್ಮಕ್ಕಳೇ.

ಮೇಜಿನ ಮೇಲೆ ತೋರಿಸಲು

ಕಾಲೇಜಿನಲ್ಲಿ ಇದನ್ನು ಕಡಿಮೆ ಖರ್ಚಿನಲ್ಲಿ ತೋರಿಸಲು ದಾರಿ ಇದೆಯೇ ಎಂದರೆ, ಇದೆ. ನೀರಿನಂತೆ ತಿಳಿಯಾದ ಹೊದಿಕೆಯ 5 ಮಿಲಿಮೀಟರಿನ ಒಂದು ಕೆಂಪು, ಒಂದು ಹಸಿರು ಎಲ್‌ಇಡಿ ತನ್ನಿ. ಬಣ್ಣದ ಪ್ಲಾಸ್ಟಿಕ್ ಹೊದಿಕೆ ಬೇಡ, ಅದೇ ಬೆಳಕನ್ನು ಸೋಸಿಬಿಡುತ್ತದೆ. ಬಿಳಿ ಎಲ್‌ಇಡಿಯೂ ಬೇಡ, ಅದರ ಮೇಲೆ ರಂಜಕದ ಲೇಪವಿರುತ್ತದೆ. ಎಲ್‌ಇಡಿಯ ಉದ್ದ ಕಾಲಿಗೆ ಮಲ್ಟಿಮೀಟರಿನ ಕೆಂಪು ತಂತಿ, ಇನ್ನೊಂದಕ್ಕೆ ಕಪ್ಪು. ಮೈಕ್ರೊಆಂಪ್ ವ್ಯಾಪ್ತಿಯಲ್ಲಿಡಿ. ವೋಲ್ಟ್ ವ್ಯಾಪ್ತಿಯಲ್ಲಿ ಅಳೆದರೆ ಎಷ್ಟು ಮಂದ ಬೆಳಕಿಗೂ ಅಂಕಿ ಬೇಗ ಏರಿ ಕುಳಿತು ವ್ಯತ್ಯಾಸ ಮುಚ್ಚಿಹೋಗುತ್ತದೆ, ವೋಲ್ಟೇಜ್ ಬೆಳಕಿನ ಲಾಗರಿದಮಿನಂತೆ ಏರುವುದರಿಂದ.

ಹಸಿರು ಲೇಸರ್ ಪಾಯಿಂಟರನ್ನು ಕೆಂಪು ಎಲ್‌ಇಡಿಯ ನೆತ್ತಿಗೆ ಗುರಿಯಿಡಿ. ಮೀಟರ್ ಓಡುತ್ತದೆ. ಕೆಂಪು ಪಾಯಿಂಟರನ್ನು ಹಸಿರು ಎಲ್‌ಇಡಿಗೆ ಹಿಡಿಯಿರಿ, ಎಷ್ಟು ಹೊತ್ತು ಹಿಡಿದರೂ ಸೊನ್ನೆಯ ಹತ್ತಿರವೇ. 650 ನ್ಯಾನೊಮೀಟರಿನ ಫೋಟಾನಿಗೆ 1.9 ಇವಿ ಇದೆ, ಹಸಿರು ಎಲ್‌ಇಡಿಯ ಅಂತರ ಅದಕ್ಕಿಂತ ಎತ್ತರ. ಬೆಳಕಿನ ಪ್ರಮಾಣ ಎಷ್ಟೇ ಹೆಚ್ಚಿಸಿದರೂ ಪ್ರಯೋಜನವಿಲ್ಲ ಎಂಬುದು ವಿದ್ಯಾರ್ಥಿಗಳಿಗೆ ಕಣ್ಣಾರೆ ಕಾಣುತ್ತದೆ. ಲೇಸರ್ ಕಣ್ಣಿಗೆ ಬೀಳದಂತೆ ಎಲ್‌ಇಡಿಯನ್ನು ಕಪ್ಪು ಕೊಳವೆಯೊಳಗೆ ಇಡಿ.

ಸಿಲಿಕಾನ್ ಡಯೋಡನ್ನೂ ಹೋಲಿಸಬೇಕೆಂದು ಬಿಪಿಡಬ್ಲ್ಯೂ34 ಜೋಡಿಸಿದರೆ ಒಂದು ಎಚ್ಚರಿಕೆ. ಅಗ್ಗದ ಹಸಿರು ಪಾಯಿಂಟರಿನೊಳಗೆ 808 ನ್ಯಾನೊಮೀಟರಿನ ಲೇಸರ್ ಒಂದು ಹರಳನ್ನು ಚೋದಿಸಿ 1064 ಹುಟ್ಟಿಸುತ್ತದೆ, ಅದರ ತರಂಗಾಂತರ ಅರ್ಧವಾಗಿ 532ರ ಹಸಿರಾಗುತ್ತದೆ. ಒಳಗೆ ಅವಕೆಂಪು ಸೋಸುವ ಗಾಜು ಹಾಕದೆ ಉಳಿತಾಯ ಮಾಡಿದ್ದರೆ 808 ಕೂಡ ಹೊರಗೆ ಸೋರುತ್ತದೆ. ಎಲ್‌ಇಡಿಗೆ ಅದು ಕಾಣದು, ಸಿಲಿಕಾನ್‌ಗೆ ಕಾಣುತ್ತದೆ, ಅದೂ ಹಸಿರಿಗಿಂತ ಒಂದೂವರೆ ಪಟ್ಟು ಚೆನ್ನಾಗಿ: ಗರಿಷ್ಠ ಅಂಕಿ 532ಕ್ಕೆ ವ್ಯಾಟಿಗೆ 0.43 ಆಂಪಿಯರ್, 808ಕ್ಕೆ 0.65. ಹಾಗಾಗಿ ಡಯೋಡಿನ ಮುಂದೆ ಅವಕೆಂಪು ತಡೆಯುವ ಫಿಲ್ಟರ್ ಒಂದನ್ನಿಟ್ಟು, ಇಟ್ಟಾಗ ಮತ್ತು ತೆಗೆದಾಗ ಎರಡೂ ಅಂಕಿ ಬರೆದುಕೊಳ್ಳಿ.